ಈಳಿಗೆ ಹಾಕಿದಿರೇನು?

ಪುಣೆಯ ಧನಕವಡಿಯಲ್ಲಿರುವ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಮೇಘನಾ ಎಂಬ ಮೈಸೂರಿನ ಹುಡುಗಿ ಬಾಡಿಗೆಗೆ ಇದ್ದಾಳೆ. ಓದಿದ್ದು ಜೀವತಂತ್ರಜ್ಞಾನ, ಮಾಡುತ್ತಿದ್ದದ್ದು ಹಿಂಜವಾಡಿಯ ಕಂಪನಿಯೊಂದರಲ್ಲಿ ಕಂಪ್ಯೂಟರ್ ಕೆಲಸ. ಈಗ ಅದನ್ನು ಬಿಟ್ಟು ಲಸಿಕೆ ತಯಾರಿಸುವ ಕಡೆ, ತಪಾಸಣೆ ವಿಭಾಗಕ್ಕೆ ಸೇರುತ್ತಿದ್ದಾಳೆ. ಮೊನ್ನೆ ಚಹಾ ಕುಡಿಯಲು ಬಂದವಳು ಕೇಳಿದಳು: "ಆಂಟಿ, ನೀವು ಲ್ಯಾಬಲ್ಲಿ ಎಗ್ಸಾಕ್ಟ್ಲಿ ಏನ್ ಮಾಡ್ತಿದ್ರಿ?"

"ವಿಷಾ ಮಾಡ್ತಿದ್ದೆ" ಎಂದೆ.

ಪಾಪ, ಕಪ್ಪನ್ನು ಮೆಲ್ಲಗೆ ಕೆಳಗಿಟ್ಟಳು. ಅದರಲ್ಲಿ ನಾನೇನೂ ಹಾಕಿಲ್ಲವೆಂದು ಪ್ರಮಾಣ ಮಾಡಿದ ಮೇಲೆಯೇ ಎತ್ತಿಕೊಂಡದ್ದು. ಅವಳಂಥ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಶಾಲುಗಳು ಕಪಾಟಿನಲ್ಲಿವೆ, ನುಸಿ ತಿನ್ನುತ್ತಿದೆ.

ನಾನು ಧಾರವಾಡದವಳು, ಸುಮಿತ್ರಾ. ಪುಣೆಯ ಪಶುಲಸಿಕೆ ಪ್ರಯೋಗಾಲಯವೊಂದರಲ್ಲಿ ಕೆಲಸ ಸಿಕ್ಕಾಗ ಬಿಳಿ ಕೋಟು ತೊಟ್ಟು ಸೂಕ್ಷ್ಮದರ್ಶಕದ ಮುಂದೆ ಗಂಭೀರವಾಗಿ ಕೂರುತ್ತೇನೆ ಎಂದುಕೊಂಡಿದ್ದೆ. ಮೊದಲ ದಿನ ನನ್ನನ್ನು ನಿಲ್ಲಿಸಿದ್ದು ಹಂಡೆಯ ಮುಂದೆ. ಕುರಿಗಳ ಕರುಳುಬೇನೆಗೆ ಲಸಿಕೆ ಮಾಡಬೇಕಾದರೆ ಆ ಬೇನೆಯ ಬ್ಯಾಕ್ಟೀರಿಯಾ ಸಾಕಬೇಕು. ಅದು ಬೆಳೆಯುವುದು ಮಾಂಸದ ಸಾರಿನಲ್ಲಿ. ಪಪ್ಪಾಯಿಯ ಹಾಲಿನಿಂದ ತೆಗೆದ ಕಿಣ್ವ ಹಾಕಿ ಮಾಂಸವನ್ನು ಕರಗಿಸಿ ಕುದಿಸುವುದು ನನ್ನ ಪಾಲಿಗೆ ಬಂತು. ಈರುಳ್ಳಿಯನ್ನೂ ಹಬ್ಬದ ದಿನ ಮುಟ್ಟದ ಮನೆಯಿಂದ ಬಂದವಳು ನಾನು! ಸಂಜೆ ಸಿಟಿ ಬಸ್ಸು ಹತ್ತಿದರೆ ನನ್ನ ಪಕ್ಕದ ಸೀಟು ಸದಾ ಖಾಲಿ. ಆ ಒಂದು ಸುಖ ಮಾತ್ರ ಇತ್ತು.

ಅವ್ವ ಧಾರವಾಡದಿಂದ ಬಂದ ದಿನವೇ ಸಿಕ್ಕಿಬಿದ್ದೆ.

"ಏನವಾ, ನಿನ್ನ ಸೀರಿ ಹಿಂಗ್ಯಾಕ ನಾರತದ?"

"ಆಫೀಸಿನ್ಯಾಗ ಸಾರು ಕುದಸ್ತೀವಿ. ಕಾಯಿಪಲ್ಲೆದ್ದು."

"ಎಲುಬು ಇರೂ ಕಾಯಿಪಲ್ಲೆ ಯಾವ್ದವಾ ಅದು?"

ಎಲ್ಲ ಹೇಳಿದೆ. ಅವ್ವ ಕೇಳಿದಳು: "ಇದರಿಂದ ಕುರಿ ಬದುಕ್ತಾವೇನು?"

"ಭಾಳ ಬದುಕ್ತಾವ."

"ಹಂಗಾದ್ರ ಕುದಸು. ಆದ್ರ ಸ್ನಾನಾ ಮಾಡದ ಅಡಗಿಮನಿಗೆ ಕಾಲಿಡಬ್ಯಾಡ."

ನಮ್ಮ ವಿಭಾಗದ ಮುಖ್ಯಸ್ಥರು ಇನಾಮದಾರ ಸಾಹೇಬರು. ಬೆಳಗಾವಿಯವರು. ಎಲ್ಲರ ಜೊತೆ ಮರಾಠಿ, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಪಾಠ ಹೇಳಲು ಅವರಿಗೆ ಕಪ್ಪುಹಲಗೆ ಬೇಡ. ಕುರಿದೊಡ್ಡಿಯ ಹತ್ತಿರ ಕರೆದುಕೊಂಡು ಹೋಗಿ ಕೇಳಿದರು: "ಸುಮಿತ್ರಾಬಾಯಿ, ಈ ಕರುಳುಬ್ಯಾನಿ ಬಂದ್ರ ಇದರಾಗ ಮೊದಲ ಯಾವ್ದು ಸಾಯ್ತದ ಹೇಳ್ರಿ."

ಸೊರಗಿದ ಒಂದನ್ನು ತೋರಿಸಿದೆ.

"ಅದಕ್ಕ ಏನೂ ಆಗೂದಿಲ್ರಿ. ಆ ದುಂಡಗದಲ್ಲಾ, ಅದು. ಮೊದಲ ಮಳಿ ಬಿದ್ದು ಹಸೀ ಹುಲ್ಲು ಬಂದಾಗ ಗಬಗಬ ತಿಂದಿರ್ತದ. ಹೊಟ್ಟ್ಯಾಗಿನ ಹುಳಕ್ಕೂ, ಅಂದ್ರ ಬ್ಯಾಕ್ಟೀರಿಯಾಕ್ಕೂ, ಹಬ್ಬ. ಅದು ವಿಷಾ ಬಿಡ್ತದ. ಆದ್ರ ಹುಟ್ಟಿದಾಗ ಆ ವಿಷಾ ಮಲಗೇ ಇರ್ತದ ನೋಡ್ರಿ. ಅದನ್ನ ಎಬ್ಬಸವರು ಯಾರು?"

"ಯಾರ್ರಿ?"

"ಕುರೀನೇ! ಉಂಡದ್ದು ಅರಗಸಲಿಕ್ಕೆ ಅದರ ಹೊಟ್ಟ್ಯಾಗ ಟ್ರಿಪ್ಸಿನ್ ಅಂತ ಕಿಣ್ವ ಇರ್ತದಲ್ಲ, ಅದು ಈ ವಿಷದ ತುದೀನೂ ಕಚಕ್ಕಂತ ಹೆಚ್ಚಿಬಿಡ್ತದ. ತುದಿ ಹೋತು, ವಿಷಾ ಎದ್ದು ಕೂತ್ತು. ಕಳ್ಳ ಬರಿಗೈಲೆ ಬಂದು ನಮ್ಮನಿ ಈಳಿಗಿ ತಗೊಂಡು ನಮ್ಮನ್ನ ಹೆಚ್ಚಿದಂಗ."

ಅಂದಿನಿಂದ ನಮ್ಮ ವಿಭಾಗದಲ್ಲಿ ಟ್ರಿಪ್ಸಿನ್ ಎಂಬ ಹೆಸರೇ ಹೋಯಿತು. ಕನ್ನಡದಲ್ಲಿ ಈಳಿಗೆ, ಮರಾಠಿಯಲ್ಲಿ ವಿಳೀ. ಹುಳದ ಸಾರಿನಲ್ಲಿ ಎಷ್ಟು ವಿಷ ಇದೆ ಎಂದು ಇಲಿಗಳ ಮೇಲೆ ನೋಡುವಾಗ ಮೊದಲು ಈಳಿಗೆ ಹಾಕಲೇಬೇಕು, ಇಲ್ಲದಿದ್ದರೆ ಮಲಗಿದ ವಿಷ ಲೆಕ್ಕಕ್ಕೆ ಸಿಗುವುದಿಲ್ಲ. ಆಮೇಲೆ ಆ ವಿಷಕ್ಕೆ ಫಾರ್ಮಲಿನ್ ಹಾಕಿ ಬೆಚ್ಚಗಿಟ್ಟು ಸಾಯಿಸುತ್ತಿದ್ದೆವು. ಸತ್ತ ವಿಷವೇ ಲಸಿಕೆ. ಕುರಿಯ ಮೈ ಅದರ ಚಹರೆಯನ್ನು ಗುರುತಿಟ್ಟುಕೊಂಡು ಪ್ರತಿವಿಷ ತಯಾರಿಸಿ ಇಟ್ಟಿರುತ್ತದೆ, ನಿಜವಾದದ್ದು ಬಂದಾಗ ಹಿಡಿದುಹಾಕುತ್ತದೆ. ಆದರೆ ವಿಷ ಸತ್ತಿದೆಯೋ ಮಲಗಿದೆಯೋ ಎಂದು ಹೊರಗಿನಿಂದ ನೋಡಿದರೆ ಗೊತ್ತಾಗದು. ಹಾಗಾಗಿ ಫಾರ್ಮಲಿನ್ ಹಾಕಿದ ಮೇಲೂ ಮತ್ತೊಮ್ಮೆ ಈಳಿಗೆ ಹಾಕಿ ನೋಡಬೇಕು. ಫಾರ್ಮಲಿನ್ ಸರಿಯಾಗಿ ಹತ್ತಿದ್ದರೆ ಈಳಿಗೆಗೆ ಹೆಚ್ಚಲು ಜಾಗವೇ ಸಿಗುವುದಿಲ್ಲ. ಇಲಿ ಆರಾಮಾಗಿ ಕಾಳು ತಿನ್ನುತ್ತಿರುತ್ತದೆ.

ಇನಾಮದಾರರು ಬೆಳಿಗ್ಗೆ ಬಂದರೆ ನಮಸ್ಕಾರಕ್ಕೆ ಮೊದಲು ಕೇಳುತ್ತಿದ್ದದ್ದು ಒಂದೇ: "ವಿಳೀ ಘಾತಲೀ ಕಾ?" ಈಳಿಗೆ ಹಾಕಿದಿರೇನು? ಒಮ್ಮೆ ತಮ್ಮ ಮಗಳ ಮದುವೆಯ ಮಂಟಪದಲ್ಲಿ, ಅಕ್ಷತೆ ಹಾಕಲು ಸಾಲಿನಲ್ಲಿ ನಿಂತಿದ್ದ ನನ್ನನ್ನು ನೋಡಿ ಅದನ್ನೇ ಕೇಳಿದರು. ಬೀಗರು ಅಡುಗೆಯ ವಿಚಾರವೆಂದು ತಿಳಿದು, ನಾನೇ ಮೇಲ್ವಿಚಾರಕಿ ಎಂದುಕೊಂಡು ಇನ್ನೆರಡು ಜಿಲೇಬಿ ಕೇಳಿದರು.

ಇದೇ ಹುಳದ ಇನ್ನೊಂದು ಬಳಗ ಬೇರೊಂದು ವಿಷ ಮಾಡುತ್ತದೆ. ಅದಕ್ಕೆ ಟ್ರಿಪ್ಸಿನ್ ತಗುಲಿದರೆ ಸಾಕು, ಚೂರುಚೂರಾಗಿ ಹೋಗುತ್ತದೆ. ಒಂದೇ ಕಿಣ್ವ, ಒಂದು ವಿಷವನ್ನು ಎಬ್ಬಿಸುತ್ತದೆ, ಇನ್ನೊಂದನ್ನು ಮುಗಿಸುತ್ತದೆ. ಇದು ಹೇಗೆಂದು ನಾನು ತಲೆ ಕೆರೆದುಕೊಂಡಾಗ ಇನಾಮದಾರರು ಹೇಳಿದರು: "ನಮ್ಮ ಡೈರೆಕ್ಟರ್ ಸಾಹೇಬರ ಸಹಿ ಇದ್ದಂಗ್ರಿ. ಒಬ್ಬಾಂವಗ ಬಡ್ತಿ, ಒಬ್ಬಾಂವಗ ಗಡಚಿರೋಲಿ ಕಾಡಿಗೆ ವರ್ಗಾ." ಇಡೀ ಕಿಣ್ವಶಾಸ್ತ್ರದಲ್ಲಿ ನನಗೆ ಇಂದಿಗೂ ಮರೆಯದ ವಾಕ್ಯ ಅದು.

ಇನಾಮದಾರರು ನಿವೃತ್ತರಾಗಿ ಬೆಳಗಾವಿಗೆ ಹೋದರು. ಅವರ ಜಾಗಕ್ಕೆ ಡಾಕ್ಟರ್ ಬಾಪಟ ಬಂದರು. ವಿದೇಶದಲ್ಲಿ ತರಬೇತಿ ಪಡೆದವರು, ನನಗಿಂತ ಚಿಕ್ಕವರು. ಪ್ಯಾಂಟಿನ ಇಸ್ತ್ರಿ ಗೆರೆಯಿಂದ ಸೌತೆಕಾಯಿ ಹೆಚ್ಚಬಹುದಿತ್ತು. ಬಂದ ವಾರವೇ ನಮ್ಮ ಚಹಾದ ಸ್ಟವ್ ಹೊರಗೆ ಹೋಯಿತು. ಬಾಟಲಿಗಳಿಗೆ ಬಣ್ಣಬಣ್ಣದ ಚೀಟಿ ಬಂದವು. ನಾವೆಲ್ಲ ಹಿಂದಿನಿಂದ ನಕ್ಕೆವು.

ಒಂದು ಮಾತು ಮಾತ್ರ ಹೇಳಲೇಬೇಕು. ಅಲ್ಲಿಯವರೆಗೆ ನಾವು ಪಿಪೆಟ್ಟನ್ನು ಬಾಯಿಂದ ಹೀರುತ್ತಿದ್ದೆವು. ಹೌದು ಮೇಘನಾ, ವಿಷವನ್ನೇ! ಗಾಜಿನ ಕೊಳವೆಯ ತುದಿಗೆ ಒಂದು ಚೂರು ಹತ್ತಿ, ಆಚೆ ವಿಷ, ಈಚೆ ನಮ್ಮ ನಾಲಿಗೆ. ಅದನ್ನು ನೋಡಿ ಬಾಪಟರು ಹೌಹಾರಿದರು. ಮರುದಿನವೇ ಎಲ್ಲರಿಗೂ ಕೊಳವೆಯ ತುದಿಗೆ ಹಚ್ಚಿ ಹೀರುವ ರಬ್ಬರಿನ ಬುರುಡೆ ಕೊಡಿಸಿ, "ಇನ್ನು ಯಾರಾದರೂ ಬಾಯಿ ಹಚ್ಚಿದರೆ ಹಂಡೆಯಲ್ಲಿ ಹಾಕಿ ಕುದಿಸುತ್ತೇನೆ" ಎಂದರು. ನಾನು ಇವತ್ತು ಹಲ್ಲು, ನಾಲಿಗೆ ಎಲ್ಲ ಇಟ್ಟುಕೊಂಡು ಅವರನ್ನು ಛೇಡಿಸುತ್ತಿದ್ದರೆ ಅದಕ್ಕೆ ಅವರೇ ಕಾರಣ.

ಆ ವರ್ಷ ಮಳೆ ಬೇಗ ಬರುವ ಲಕ್ಷಣ ಕಂಡಿತು. ಕುರಿಗಾರರೆಲ್ಲ ಲಸಿಕೆ ಬೇಕೆಂದು ಬಾಗಿಲು ತಟ್ಟುತ್ತಿದ್ದರು. ಟ್ರಿಪ್ಸಿನ್ ದಾಸ್ತಾನು ಕಡಿಮೆ ಇತ್ತು. ಬಾಪಟರು ಮರಾಠಿಯಲ್ಲಿ ಹೇಳಿದರು: "ಅಹೋ ಸುಮಿತ್ರಾಬಾಯಿ, ವಿಷ ತಯಾರಾದಾಗ ನೀವು ಈಳಿಗೆ ಹಾಕಿ ನೋಡಿದ್ದೀರಿ. ಫಾರ್ಮಲಿನ್ ಹಾಕಿದ ಮೇಲೆ ಅದು ಸತ್ತಿದೆ. ಸತ್ತದ್ದಕ್ಕೆ ಮತ್ತೇಕೆ ಈಳಿಗೆ? ಹಾಗೇ ಚುಚ್ಚಿ ನೋಡಿ, ಇಲಿ ಬದುಕಿದರೆ ಲಸಿಕೆ ಹೊರಡಲಿ."

"ಸರ್, ಮಲಗಿದ್ದರೆ?"

"ನಿಮ್ಮ ಇನಾಮದಾರರು ನಿಮಗೆ ಗುಮ್ಮನ ಕಥೆ ಹೇಳಿಟ್ಟಿದ್ದಾರೆ" ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ, "ನಿಮ್ಮ ಸಮಾಧಾನಕ್ಕೆ ಬೇಕಾದರೆ ಮಾಡಿಕೊಳ್ಳಿ. ಆದರೆ ಬೆಳಿಗ್ಗೆ ಗಾಡಿ ನಿಲ್ಲುವುದಿಲ್ಲ" ಎಂದರು.

ಗಾಡಿ ಹೋಗುವುದಿದ್ದದ್ದು ದೌಂಡಿನ ಕಡೆಗೆ, ಲಕ್ಷ್ಮಣ ತಾತ್ಯಾನ ಹಿಂಡಿಗೆ. ತಾತ್ಯಾ ಧನಗರ ಕುರಿಗಾರ. ತಾಯಿ ಕರ್ನಾಟಕದ ಗಡಿಯ ಜತ್ತದವಳಾದ್ದರಿಂದ ನನ್ನ ಜೊತೆ ಕನ್ನಡದಲ್ಲೇ ಮಾತು. ಪ್ರತಿ ವರ್ಷ ನಮ್ಮ ಹೊಸ ಲಸಿಕೆ ಮೊದಲು ಬೀಳುತ್ತಿದ್ದದ್ದು ಅವನ ಕುರಿಗಳಿಗೆ. ಬೇರೆಯವರು ಹಿಂದೆಮುಂದೆ ನೋಡುತ್ತಿದ್ದಾಗ ಆತ ಮಾತ್ರ "ಅಕ್ಕಾರು ಮಾಡಿದ್ದು ಅಂದ್ರ ನಡೀತದ" ಎಂದು ಮೊದಲು ಬಾಗಿಲು ತೆರೆಯುತ್ತಿದ್ದ. ಮನೆ ಇಲ್ಲ, ಹೊಲ ಇಲ್ಲ, ಆ ಹಿಂಡೇ ಅವನ ಬದುಕು.

ಹಾಗಾಗಿ ಆ ಸಂಜೆ ಹಠಕ್ಕೆ ಬಿದ್ದವಳಂತೆ ಉಳಿದ ಟ್ರಿಪ್ಸಿನ್ ಕೆರೆದು ತೆಗೆದೆ. ಒಂದು ಪಂಜರದ ಇಲಿಗಳಿಗೆ ಈಳಿಗೆ ಹಾಕಿದ ಲಸಿಕೆ. ಇನ್ನೊಂದಕ್ಕೆ ಬರೀ ಈಳಿಗೆ. ಮೂರನೆಯದಕ್ಕೆ ಈಳಿಗೆ ಹಾಕಿದ ಲಸಿಕೆ, ಜೊತೆಗೆ ಪ್ರತಿವಿಷದ ಸೀರಂ. ಮನೆಗೆ ಹೋಗಿ ಊಟ ಮಾಡಿ ಮಲಗಿದೆ. ನಿದ್ದೆ ಬರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಚೆನ್ನಾಗಿಯೇ ಬಂತು.

ಬೆಳಿಗ್ಗೆ ಬಂದು ನೋಡುತ್ತೇನೆ, ಮೊದಲ ಪಂಜರದಲ್ಲಿ ಒಂದೂ ಉಳಿದಿಲ್ಲ. ಗಾಡಿ ಆಗಲೇ ಹೋಗಿತ್ತು.

ಬಾಪಟರನ್ನು ಕರೆದೆ. ಬಗ್ಗಿ ನೋಡಿದರು. "ಟ್ರಿಪ್ಸಿನ್ನೇ ಹೆಚ್ಚಾಗಿ ಸತ್ತಿರಬಹುದು" ಎಂದರು.

ನಾನು ಎರಡನೆಯ ಪಂಜರ ತೋರಿಸಿದೆ. ಬರೀ ಟ್ರಿಪ್ಸಿನ್ ಚುಚ್ಚಿಸಿಕೊಂಡವು ಕಾಳಿಗಾಗಿ ಜಗಳ ಆಡುತ್ತಿದ್ದವು. ಅವರೇ ಮೂರನೆಯ ಪಂಜರ ಎಳೆದು ನೋಡಿದರು. ಸೀರಂ ಸಿಕ್ಕವೂ ಕಾಳು ತಿನ್ನುತ್ತಿದ್ದವು. ಅಂದರೆ ಕೊಂದದ್ದು ಆ ವಿಷವೇ, ಬೇರೆ ಏನೂ ಅಲ್ಲ.

ಇಲ್ಲೊಂದು ವಾದ ಆಗುತ್ತದೆ ಎಂದು ನಾನು ಸೆರಗು ಸಿಕ್ಕಿಸಿಕೊಂಡು ತಯಾರಾಗಿದ್ದೆ. ಬಾಪಟರು ಸೀದಾ ಹೋಗಿ ದೌಂಡಿನ ಪಶು ದವಾಖಾನೆಗೆ ಫೋನ್ ಹಚ್ಚಿದರು. ಗಂಟೆ ಬಾರಿಸುತ್ತಲೇ ಇತ್ತು, ಎತ್ತುವವರಿಲ್ಲ. ಎಲ್ಲರೂ ಕುರಿಗಳ ಹತ್ತಿರ ಹೋಗಿದ್ದರು. ರಿಸೀವರ್ ಇಟ್ಟವರೇ ಜೀಪಿನ ಕೀಲಿ ತಗೊಂಡು, "ಫ್ರಿಜ್ಜಿನಲ್ಲಿರುವ ಸೀರಂ ಎಲ್ಲ ಐಸಿನ ಡಬ್ಬಿಗೆ ಹಾಕಿಕೊಳ್ಳಿ. ನಡೆಯಿರಿ" ಎಂದರು.

ಬಾಪಟರಿಗೆ ಜೀಪು ಓಡಿಸಲು ಬರುತ್ತಿತ್ತು ಎಂದು ಅವರು ಇಂದಿಗೂ ಹೇಳುತ್ತಾರೆ. ಪಕ್ಕದಲ್ಲಿ ಕೂತವಳು ನಾನು. ಸೋಲಾಪುರ ರಸ್ತೆಯ ರಸವಂತಿ ಗೃಹಗಳ ಕಬ್ಬಿನ ಗಾಣದ ಗೆಜ್ಜೆ ಸದ್ದು ಒಂದೊಂದಾಗಿ ಕಿವಿಗೆ ಬಂದು ಹಿಂದೆ ಹೋಗುತ್ತಿತ್ತು. ನಾನು ಐಸಿನ ಡಬ್ಬಿಯನ್ನು ಕೂಸಿನ ಹಾಗೆ ಅವಚಿಕೊಂಡಿದ್ದೆ. ದೌಂಡು ಬಂತು ಎನ್ನುವಾಗ ರೈಲ್ವೆ ಗೇಟು ಬಿತ್ತು. ಗೂಡ್ಸ್ ಗಾಡಿ. ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವ ಮಾತೇ ಇಲ್ಲ. ಇಷ್ಟು ನಿಧಾನದ ರೈಲನ್ನು ನನ್ನ ಜೀವಮಾನದಲ್ಲಿ ಕಂಡಿಲ್ಲ.

"ನಾನು ಮಾಡಿದ್ದು" ಎಂದರು ಬಾಪಟರು, ರೈಲನ್ನೇ ನೋಡುತ್ತ. ಹಣೆಯ ಬೆವರು ಒರೆಸಿಕೊಳ್ಳಲೆಂದು ನನ್ನ ಕರವಸ್ತ್ರ ಕೊಟ್ಟೆ. ಮಾಂಸದ ಸಾರಿನ ವಾಸನೆಯದು. ತಗೊಂಡು ಒರೆಸಿಕೊಂಡರು, ಮೂಗು ಮುರಿಯಲಿಲ್ಲ. ಅಂದಿನಿಂದ ನಾನು ಅವರ ಹಿಂದೆ ನಗುವುದು ಬಿಟ್ಟು ಎದುರಿಗೇ ನಗಲು ಶುರು ಮಾಡಿದೆ.

ತಾತ್ಯಾನ ದೊಡ್ಡಿ ಕಂಡಾಗ ಕುರಿಗಳು ಕಿರಿದಾದ ಬಾಗಿಲಿನಿಂದ ಒಂದೊಂದಾಗಿ ಹೊರಗೆ ಬರಲು ಸಾಲುಗಟ್ಟಿದ್ದವು. ಬಾಗಿಲಾಚೆ ಪಶುವೈದ್ಯರು ಸಿರಿಂಜ್ ಹಿಡಿದು ಕೂತಿದ್ದರು. ಜೀಪು ಪೂರ್ತಿ ನಿಲ್ಲುವ ಮೊದಲೇ ನಾನು ಇಳಿದು ಓಡಿದೆ. ಸೀದಾ ಹೋಗಿ ಆ ಬಾಗಿಲಿನಲ್ಲಿ ಎರಡೂ ಕೈ ಚಾಚಿ ಅಡ್ಡ ನಿಂತುಬಿಟ್ಟೆ. ಕುರಿಗಳು ಬಂದು ನನ್ನ ಮೊಣಕಾಲಿಗೆ ಗುದ್ದಿದವು. ಒಂದು ನನ್ನ ಸೆರಗು ತಿನ್ನತೊಡಗಿತು.

"ಅಯ್ಯ, ಏನಾತ್ರಿ ಅಕ್ಕಾರ?" ತಾತ್ಯಾ ಓಡಿಬಂದ.

"ಚುಚ್ಚಬ್ಯಾಡ್ರಿ! ಎಷ್ಟು ಚುಚ್ಚೀರಿ?"

"ಈಗ ಸುರು ಆಗೇದ. ಚಂದ್ರೀಗೆ ಒಂದಕ್ಕ."

ಚಂದ್ರಿ ಅವನ ಹಿಂಡಿನ ಮುಂದಾಳು, ಹಣೆಯ ಮೇಲೆ ಬಿಳಿ ಮಚ್ಚೆಯ ಕುರಿ. ಗಬ್ಬದಲ್ಲಿತ್ತು. ಎಲ್ಲದಕ್ಕೂ ಮುಂದೆ ಬರುವ ಅದು ಸೂಜಿಗೂ ಮುಂದೆ ಬಂದಿತ್ತು. ಮಲಗಿದ ವಿಷ ಸೂಜಿಯಿಂದ ಹೋದರೂ ಮೈಯೊಳಗಿನ ಬೇರೆ ಕಿಣ್ವಗಳು ಅದನ್ನು ಎಬ್ಬಿಸಬಲ್ಲವು. ಬಾಪಟರೇ ನೆಲಕ್ಕೆ ಕೂತು ಅದಕ್ಕೆ ಸೀರಂ ಕೊಟ್ಟರು. ಲಸಿಕೆಯಾದರೆ ಮೈಗೆ ಪಾಠ ಕಲಿಸುತ್ತದೆ, ಕಲಿಯಲು ವಾರಗಳು ಬೇಕು. ಸೀರಂ ಎಂದರೆ ಬೇರೆ ಮೈ ತಯಾರಿಸಿದ ಸಿದ್ಧ ಪ್ರತಿವಿಷ, ಹೋದ ಕೂಡಲೇ ಕೆಲಸಕ್ಕೆ ನಿಲ್ಲುತ್ತದೆ. ಆದರೂ ಮೊದಲೇ ಒಳಗೆ ಹೋದ ವಿಷವನ್ನು ಹಿಡಿಯುತ್ತದೋ ಇಲ್ಲವೋ? ನಾವು ಹೇಳುವ ಹಾಗಿರಲಿಲ್ಲ.

ಬಾಪಟರು ತಾತ್ಯಾನ ಮುಂದೆ ನಿಂತರು. ಸಾಹೇಬರು ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ "ತಾಂತ್ರಿಕ ಕಾರಣ" ಎನ್ನುತ್ತಾರೆ. ಇವರು ಮರಾಠಿಯಲ್ಲಿ ನೇರವಾಗಿ ಹೇಳಿದರು: "ತಾತ್ಯಾ, ಈ ಲಸಿಕೆಯಲ್ಲಿ ವಿಷ ಪೂರ್ತಿ ಸತ್ತಿಲ್ಲ. ನೋಡಬೇಕಾದ ರೀತಿ ನಾನು ನೋಡಲಿಲ್ಲ. ತಪ್ಪು ನನ್ನದು, ಸುಮಿತ್ರಾಬಾಯಿಯವರದಲ್ಲ."

ತಾತ್ಯಾ ಒಮ್ಮೆ ಹಿಂಡು ನೋಡಿದ, ಒಮ್ಮೆ ಚಂದ್ರಿಯನ್ನು. "ಇದು ನಿಂತ್ರ ಬಾಕಿದ್ದೂ ನಿಲ್ತಾವ, ಇದು ನಡದ್ರ ನಡೀತಾವ ಸಾಹೇಬ" ಎಂದ. "ಇದು ಹೋದ್ರ ನಾ ಯಾರ ಹಿಂದ ನಡೀಲಿ?"

ಇಷ್ಟು ವರ್ಷ ಬಾಟಲಿಗಳ ಮೇಲೆ ಚೀಟಿ ಅಂಟಿಸಿದ್ದೆ. ಒಂದೊಂದು ಬಾಟಲಿಯ ಆಚೆ ಇಂಥವನೊಬ್ಬ ನಿಂತಿರುತ್ತಾನೆ ಎಂದು ಅಂದೇ ಮನಸ್ಸಿಗೆ ನಾಟಿದ್ದು.

ಚಂದ್ರಿ ಮಧ್ಯಾಹ್ನದ ಹೊತ್ತಿಗೆ ತಲೆ ಇಳಿಬಿಟ್ಟಿತು. ಕಾಲು ತಡವರಿಸಿತು. ಬಾಪಟರು ಇನ್ನಷ್ಟು ಸೀರಂ ಕೊಟ್ಟು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆ ಇಸ್ತ್ರಿ ಪ್ಯಾಂಟಿನ ಗತಿ ಕೇಳಬೇಡಿ. ತಾತ್ಯಾನ ಹೆಂಡತಿ ರೊಟ್ಟಿ, ಹಸಿಮೆಣಸಿನಕಾಯಿಯ ಠೇಚಾ ತಂದಿಟ್ಟಳು. ಯಾರೂ ಮುಟ್ಟಲಿಲ್ಲ. ಖಾರಕ್ಕೆ ಹೆದರಿ ಅಲ್ಲ.

ಬಿಸಿಲು ಇಳಿಯುವಾಗ ತಾತ್ಯಾ ನನ್ನ ತೋಳು ಹಿಡಿದು ಅಲ್ಲಾಡಿಸಿದ. "ಅಕ್ಕಾರ, ಬಾಯಿ ನೋಡ್ರಿ."

ಚಂದ್ರಿಯ ದವಡೆ ಆಡುತ್ತಿತ್ತು. ಮೆಲುಕು ಹಾಕುತ್ತಿತ್ತು. ಮೆಲ್ಲಗೆ ಎದ್ದು ನಿಂತು, ಮೊದಲ ಕೆಲಸವೆಂದರೆ ಬಾಪಟರ ಜೇಬಿನಿಂದ ಇಣುಕುತ್ತಿದ್ದ ನನ್ನ ಕರವಸ್ತ್ರವನ್ನು ಎಳೆಯಿತು. ಬಾಪಟರು ನಗಲು ಹೋಗಿ ಅತ್ತುಬಿಟ್ಟರು. ನಾನೂ ಅತ್ತೆ. ರೊಟ್ಟಿ ಒಂದೂ ಉಳಿಯಲಿಲ್ಲ.

ಆಮೇಲೆ ಹುಡುಕಿದಾಗ ಫಾರ್ಮಲಿನ್ ಕ್ಯಾನಿನ ತಳದಲ್ಲಿ ಬಿಳಿ ಗಸಿ ಸಿಕ್ಕಿತು. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಅದರ ಕಸುವು ತಳಕ್ಕೆ ಕೂತಿತ್ತು, ಮೇಲಿನ ತೆಳುನೀರನ್ನು ನಾವು ವಿಷಕ್ಕೆ ಹಾಕಿದ್ದೆವು. ಆ ಲಸಿಕೆಯನ್ನೆಲ್ಲ ನಾಶ ಮಾಡಿದೆವು. ಹೊಸದು ಮಾಡಿ ಮಳೆಗೆ ಸ್ವಲ್ಪ ಮುಂಚೆ ತಲುಪಿಸಿದೆವು. ಬಾಪಟರು ಅಂದಿನಿಂದ ಇನಾಮದಾರರನ್ನೂ ಮೀರಿಸಿದರು. ಕಾರಿಡಾರಿನ ಆ ತುದಿಯಿಂದಲೇ "ವಿಳೀ ಘಾತಲೀ ಕಾ?" ಎಂಬ ಕೂಗು. ಒಮ್ಮೆ ಲೆಕ್ಕಪತ್ರ ವಿಭಾಗದ ಗುಮಾಸ್ತೆಯನ್ನೂ ಕೇಳಿ ಗಾಬರಿಪಡಿಸಿದ್ದರು.

ಚಂದ್ರಿ ಗಂಡು ಮರಿ ಹಾಕಿತು. ತಾತ್ಯಾ ಅದಕ್ಕೆ ಬಾಪಟ ಎಂದು ಹೆಸರಿಟ್ಟ. ನಾನು ಬಿಡುತ್ತೇನೆಯೇ? ಪ್ರತಿ ಸಲ ಕ್ಷೇತ್ರದಿಂದ ಬಂದಾಗ ಎಲ್ಲರ ಮುಂದೆ ವರದಿ ಒಪ್ಪಿಸುತ್ತಿದ್ದೆ: "ಬಾಪಟನಿಗೆ ಕೊಂಬು ಬಂದಿವೆ ಸರ್. ಬಾಪಟ ಬೇಲಿ ಹಾರಿದ ಸರ್. ಬಾಪಟನ ಉಣ್ಣೆ ಕತ್ತರಿಸಿದರು ಸರ್." ಅವರು ಕನ್ನಡಕ ಏರಿಸಿಕೊಂಡು, "ಲಸಿಕೆ ಹಾಕಿದ್ದಾರೆಯೇ?" ಎಂದಷ್ಟೇ ಕೇಳುತ್ತಿದ್ದರು.

ಮುಂದೆ ವಿಧಾನಗಳು ಬದಲಾದವು. ಇಲಿಗಳ ಬದಲು ನಾಯಿಯ ಮೂತ್ರಪಿಂಡದಿಂದ ಬೆಳೆಸಿದ ಜೀವಕೋಶಗಳ ಮೇಲೆ ವಿಷ ನೋಡುವುದು ಬಂತು. ಇಲಿಗಳಿಗೂ ನೆಮ್ಮದಿ, ನಮಗೂ. ಯಂತ್ರ ತಾನೇ ಓದಿ ತಾನೇ ಅಂಕಿ ಬರೆಯುತ್ತದೆ. ಮೇಘನಾಗೆ ಸಿಗುವುದು ಅಂಥ ಯಂತ್ರವೇ. ಆದರೆ ಮಲಗಿದ ವಿಷವನ್ನು ಯಂತ್ರಕ್ಕೆ ತೋರಿಸಿದರೆ ಅದೂ "ಏನೂ ಇಲ್ಲ" ಎಂದೇ ಬರೆಯುತ್ತದೆ, ಅದೂ ಬಹಳ ಚೆಂದದ ಅಕ್ಷರದಲ್ಲಿ.

ನನ್ನ ನಿವೃತ್ತಿಯ ದಿನ ಸಣ್ಣ ಸಮಾರಂಭ. ಬಾಪಟರು ಭಾಷಣ ಮಾಡುತ್ತಿದ್ದಾಗ ಸಭೆಯ ಹಿಂದೆ ಗದ್ದಲ. ತಾತ್ಯಾ ಬಂದಿದ್ದ, ಮುದುಕನಾಗಿದ್ದ, ಕಂಕುಳಲ್ಲಿ ಒಂದು ಹೆಣ್ಣು ಮರಿ. ಹಣೆಯ ಮೇಲೆ ಬಿಳಿ ಮಚ್ಚೆ.

"ಬಾಪಟನ ಮೊಮ್ಮಗಳ್ರಿ ಇದು" ಎಂದ. ಸಭೆ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

"ಹೆಸರೇನ ಇಟ್ಟೀ ತಾತ್ಯಾ?"

"ಸುಮಿತ್ರಾ."

ನನ್ನ ನಗು ಅಲ್ಲೇ ನಿಂತಿತು. ಬಾಪಟರು ಕನ್ನಡಕ ತೆಗೆದು ಒರೆಸಿಕೊಂಡು, ಇಷ್ಟು ವರ್ಷದ ಬಡ್ಡಿ ವಸೂಲಾದವರ ಹಾಗೆ ಮರಾಠಿಯಲ್ಲಿ ಕೇಳಿದರು: "ಯಾಕಪ್ಪಾ ಆ ಹೆಸರು?"

ತಾತ್ಯಾ ಮರಿಯನ್ನು ಕೆಳಗೆ ಬಿಟ್ಟ. ಅದು ಕುರ್ಚಿಗಳ ನಡುವೆ ಓಡಿ, ಸಭಾಂಗಣದ ಬಾಗಿಲಿಗೆ ಹೋಗಿ, ನಾಲ್ಕೂ ಕಾಲು ಊರಿ ಅಡ್ಡ ನಿಂತುಕೊಂಡಿತು. ಟ್ರೇ ಹಿಡಿದು ಬಂದ ಚಹಾದವನು ಒಳಗೆ ಬರಲಾಗದೆ ಅಲ್ಲೇ ನಿಂತ.

"ನೋಡ್ರಿ ಅಕ್ಕಾರ" ಎಂದ ತಾತ್ಯಾ, "ದಿನಾ ದೊಡ್ಡಿ ಬಾಗಿಲಾಗ ಹಿಂಗ ನಿಂದರ್ತದ. ನಾ ಎಂದೂ ಬೈದಿಲ್ಲ."